ಒಂದೂವರೆ ಪಟ್ಟು ವೇಗದ ಮಳೆ

ಕಳೆದ ಮಳೆಗಾಲದಲ್ಲಿ ಊರಿಗೆ ಹೋಗಿದ್ದಾಗ ಜಗಲಿಯಲ್ಲಿ ಕೂತು ಲ್ಯಾಪ್‌ಟಾಪಿನಲ್ಲಿ ಗಿರೀಶ ಕಾಸರವಳ್ಳಿಯವರ ‘ದ್ವೀಪ’ ನೋಡುತ್ತಿದ್ದೆ. ನೋಡುತ್ತಿದ್ದೆ ಅನ್ನುವುದಕ್ಕಿಂತ ಮುಗಿಸುತ್ತಿದ್ದೆ ಅನ್ನುವುದೇ ಸರಿ. ನನ್ನ ಪಿಎಚ್.ಡಿ. ಪ್ರಬಂಧದ ಮೂರನೇ ಅಧ್ಯಾಯದಲ್ಲಿ ಮುಳುಗಡೆಯ ಕಥನಗಳ ಬಗ್ಗೆ ಬರೆಯಬೇಕಿತ್ತು. ನಾ. ಡಿಸೋಜರ ಕಾದಂಬರಿ ಓದಿಯಾಗಿತ್ತು, ಅದನ್ನು ಆಧರಿಸಿ 2002ರಲ್ಲಿ ಬಂದ ಸಿನಿಮಾದ ಬಗ್ಗೆ ನಾಲ್ಕು ಪುಟ ಸೇರಿಸಿದರೆ ಚೆನ್ನ ಎಂದು ಮಾರ್ಗದರ್ಶಕರು ಹೇಳಿದ್ದರು. ಹಾಗಾಗಿ ವೇಗವನ್ನು ಒಂದೂವರೆಗೆ ಏರಿಸಿ, ಪಕ್ಕದಲ್ಲಿ ನೋಟ್‌ಬುಕ್ ಇಟ್ಟುಕೊಂಡು, ದೃಶ್ಯಕ್ಕೊಂದು ಸಾಲಿನಂತೆ ಗುರುತು ಹಾಕಿಕೊಳ್ಳುತ್ತಿದ್ದೆ.

ಅಜ್ಜಿ ಎಲೆಅಡಿಕೆ ತಟ್ಟೆ ಹಿಡಿದುಕೊಂಡು ಬಂದು ಪಕ್ಕದಲ್ಲಿ ಕೂತರು. ಸ್ವಲ್ಪ ಹೊತ್ತು ಸುಮ್ಮನೆ ನೋಡಿದರು. ಆಮೇಲೆ ಕೇಳಿದರು: “ಎಂತ ಮಳೆನೇ ಇದು, ಯಾರೋ ಅಟ್ಟಿಸ್ಕೊಂಡು ಬಂದ ಹಾಗೆ ಸುರೀತಿದೆ?”

ನಾನು ನಕ್ಕೆ. ನನ್ನ ಹತ್ತಿರ ಸಮಯವಿಲ್ಲ, ಅದಕ್ಕೆ ಬೇಗ ಓಡಿಸ್ತಿದೀನಿ ಅಂದೆ. ಅಜ್ಜಿ ಮರುಮಾತಾಡಲಿಲ್ಲ. ಎಲೆಗೆ ಸುಣ್ಣ ಹಚ್ಚಿಕೊಂಡು ಎದ್ದು ಒಳಗೆ ಹೋದರು. ಅವರು ಹೋದ ಮೇಲೆ ನನಗೆ ಹೊಳೆಯಿತು: ಲಿಂಗನಮಕ್ಕಿ ಅಣೆಕಟ್ಟಿನ ನೀರು ಏರಿದಾಗ ಅಜ್ಜಿ ಹೊಸದಾಗಿ ಮದುವೆಯಾಗಿ ಬಂದಿದ್ದ ಸೊಸೆ. ಆ ಮನೆ, ಗದ್ದೆ, ದೇವರ ಬನ ಎಲ್ಲ ಈಗ ಶರಾವತಿಯ ಹಿನ್ನೀರಿನ ಅಡಿಯಲ್ಲಿವೆ. ನೀರು ಒಂದೇ ದಿನ ಬರಲಿಲ್ಲ, ದಿನಾ ಬೆಳಿಗ್ಗೆ ಎದ್ದು ಗದ್ದೆಯ ಯಾವ ಅಂಚಿನವರೆಗೆ ಬಂತು ಎಂದು ನೋಡುತ್ತಿದ್ದೆವು ಎಂದು ಅವರೇ ನನಗೆ ಎಷ್ಟೋ ಸಲ ಹೇಳಿದ್ದಾರೆ. ‘ದ್ವೀಪ’ದಲ್ಲಿರುವುದೂ ಹೆಚ್ಚುಕಡಿಮೆ ಅದೇ. ಊರಿಗೆ ಊರೇ ಖಾಲಿಯಾದ ಮೇಲೆ ಗುಡ್ಡ ಬಿಡಲೊಪ್ಪದ ಒಂದು ಕುಟುಂಬ, ಬಿಡದೆ ಸುರಿಯುವ ಮಳೆ, ಮೆಟ್ಟಿಲು ಮೆಟ್ಟಿಲಾಗಿ ಏರುವ ನೀರು. ಆ ಕಾಯುವಿಕೆಯೇ ಸಿನಿಮಾ. ನಾನು ಅದನ್ನೇ ಮೂರನೇ ಒಂದು ಭಾಗ ಕತ್ತರಿಸಿ ನೋಡುತ್ತಿದ್ದೆ, ಅದೂ ಮುಳುಗಡೆಯ ಮೇಲೆ ಸಂಶೋಧನೆ ಮಾಡುವವಳಾಗಿ.

ಇದರಲ್ಲಿ ತಪ್ಪೇನಿದೆ? ಈ ಪ್ರಶ್ನೆಯನ್ನು ಆವತ್ತಿನಿಂದ ತಲೆಯಲ್ಲಿಟ್ಟುಕೊಂಡು ತಿರುಗುತ್ತಿದ್ದೇನೆ. ಯಾರಿಗೂ ನೋವಾಗಿಲ್ಲ. ಸಿನಿಮಾಕ್ಕೆ ಗಾಯವಾಗುವುದಿಲ್ಲ. ನಿರ್ದೇಶಕರಿಗೆ ಗೊತ್ತೂ ಆಗುವುದಿಲ್ಲ. ಹೀಗಿರುವಾಗ ಇದನ್ನು ನೈತಿಕ ಪ್ರಶ್ನೆ ಎಂದು ಕರೆಯುವುದೇ ಅತಿಯಾಯಿತೇನೋ. ಅಭಿರುಚಿಯ ವಿಷಯ ಎಂದು ಬಿಟ್ಟುಬಿಡಬಹುದಿತ್ತು.

ಹಾಸ್ಟೆಲಿನ ಗೆಳತಿಯೊಬ್ಬಳು ಹಾಗೇ ಹೇಳಿದಳು. ಕಾದಂಬರಿ ಓದುವಾಗ ವರ್ಣನೆಯ ಪುಟಗಳನ್ನು ಹಾರಿಸುವುದಿಲ್ಲವೇ, ಅದಕ್ಕೆ ಯಾರ ಕ್ಷಮೆಯನ್ನಾದರೂ ಕೇಳುತ್ತೇವೆಯೇ ಎಂದು. ಒಳ್ಳೆಯ ವಾದವೇ. ಆದರೆ ಪುಸ್ತಕದ ವೇಗ ಮೊದಲಿನಿಂದಲೂ ಓದುಗನ ಕೈಯಲ್ಲೇ ಇದೆ, ಲೇಖಕ ಅದನ್ನು ಒಪ್ಪಿಕೊಂಡೇ ಬರೆಯುತ್ತಾನೆ. ಸಿನಿಮಾ ಹಾಗಲ್ಲ, ಅಲ್ಲಿ ಸಮಯವೇ ಕಚ್ಚಾವಸ್ತು. ಒಂದು ಶಾಟ್ ಎಷ್ಟು ಹೊತ್ತು ನಿಲ್ಲಬೇಕು ಎಂದು ಯಾರೋ ಎಡಿಟಿಂಗ್ ಕೋಣೆಯಲ್ಲಿ ಕೂತು ತೀರ್ಮಾನಿಸಿರುತ್ತಾರೆ. ಹಾಗೆಂದು ಆ ತೀರ್ಮಾನಕ್ಕೆ ಯಾವಾಗಲೂ ಮರ್ಯಾದೆ ಸಿಕ್ಕಿತ್ತು ಎಂದೂ ಅಲ್ಲ. ಮೂಕಿ ಚಿತ್ರಗಳ ಕಾಲದಲ್ಲಿ ಕ್ಯಾಮೆರಾವನ್ನೂ ಪ್ರೊಜೆಕ್ಟರನ್ನೂ ಕೈಯಲ್ಲೇ ತಿರುಗಿಸುತ್ತಿದ್ದರು. ದಿನಕ್ಕೊಂದು ಆಟ ಹೆಚ್ಚು ಹಾಕಲು ಆಪರೇಟರು ಬೇಗ ಬೇಗ ತಿರುಗಿಸಿದರೆ ಪರದೆಯ ಮೇಲೆ ನಾಯಕ ಓಡೋಡಿ ಅಳುತ್ತಿದ್ದ. ಸೆಕೆಂಡಿಗೆ 24 ಚೌಕಟ್ಟು ಎಂಬ ಲೆಕ್ಕ ಗಟ್ಟಿಯಾಗಿದ್ದು ಮಾತು ಬಂದ ಮೇಲೆ, ವೇಗ ಹೆಚ್ಚಾದರೆ ದನಿ ಕೀಚಲಾಗುತ್ತದೆ ಎಂಬ ಕಾರಣಕ್ಕೆ. ಈಗಿನ ಸಾಫ್ಟ್‌ವೇರು ವೇಗ ಏರಿಸಿದರೂ ದನಿಯ ಶ್ರುತಿ ಕೆಡದಂತೆ ನೋಡಿಕೊಳ್ಳುತ್ತದೆ. ನೂರು ವರ್ಷ ಸಿನಿಮಾದ ಸಮಯವನ್ನು ಕಾಯ್ದಿದ್ದ ಬೇಲಿ ಹಾಗೆ ಸದ್ದಿಲ್ಲದೆ ಬಿತ್ತು.

2019ರಲ್ಲಿ ನೆಟ್‌ಫ್ಲಿಕ್ಸ್ ಈ ಸೌಲಭ್ಯವನ್ನು ಪರೀಕ್ಷಿಸುತ್ತಿದೆ ಎಂದು ಗೊತ್ತಾದಾಗ ಜಡ್ ಅಪಟೋವ್ ಸೇರಿದಂತೆ ಹಾಲಿವುಡ್ಡಿನ ಕೆಲವರು ಕೆಂಡವಾದರು. ನಾನು ಅವರ ಪಕ್ಷ ವಹಿಸಲು ತಯಾರಾಗಿಯೇ ಇದ್ದೆ. ಆದರೆ 2020ರಲ್ಲಿ ಅದು ಜಾರಿಗೆ ಬಂದಾಗ ಅಮೆರಿಕದ ಕಿವುಡರ ಮತ್ತು ಅಂಧರ ರಾಷ್ಟ್ರೀಯ ಸಂಘಟನೆಗಳು ಸ್ವಾಗತಿಸಿದವು ಎಂದು ಓದಿ ಸುಮ್ಮನಾದೆ. ಅಡಿಬರಹ ಓದಿಕೊಂಡು ನೋಡುವವರಿಗೆ ನಿಧಾನ ಬೇಕಾಗಬಹುದು, ಕಿವಿಯಿಂದಲೇ ಓದಿ ರೂಢಿಯಾದ ಅಂಧರಿಗೆ ನಮ್ಮ ಮಾಮೂಲಿ ವೇಗ ಆಮೆಗತಿ ಅನ್ನಿಸಬಹುದು. ಹಾಗಾದರೆ ಒಂದು ಸಿನಿಮಾಕ್ಕೆ ಒಂದೇ ಸರಿಯಾದ ವೇಗ ಎಂಬುದು ಕಣ್ಣೂ ಕಿವಿಯೂ ನೆಟ್ಟಗಿರುವವರ ಹಟವಷ್ಟೇ ಅಲ್ಲವೇ?

ಇನ್ನೊಂದು ಉದಾಹರಣೆ ನಮ್ಮ ಮನೆಯಂಗಳದ್ದೇ. ಅಜ್ಜಿ ರಾತ್ರಿಯಿಡೀ ನಡೆಯುವ ಯಕ್ಷಗಾನವನ್ನು ಪೂರ್ತಿ ಎಚ್ಚರವಿದ್ದು ನೋಡಿದ್ದನ್ನು ನಾನಂತೂ ಕಂಡಿಲ್ಲ. ಚಾಪೆ, ಕಂಬಳಿ ಒಯ್ಯುತ್ತಿದ್ದರು. ಒಡ್ಡೋಲಗ ನೋಡಿ ಮಲಗಿಬಿಡುತ್ತಿದ್ದರು. ತಮಗೆ ಬೇಕಾದ ವೇಷ ಬರುವ ಹೊತ್ತಿಗೆ ಚಂಡೆಯ ಪೆಟ್ಟಿಗೆ ಎದ್ದು ಕೂರುತ್ತಿದ್ದರು. ಈಗ ಕಾಲಮಿತಿ ಪ್ರಯೋಗಗಳು ಬಂದು ಪ್ರಸಂಗವೇ ಮೂರ್ನಾಲ್ಕು ಗಂಟೆಗೆ ಇಳಿದಿದೆ, ಅದಕ್ಕೂ ಜನ ಸೇರುತ್ತಾರೆ. ಹಾರಿಸಿ ನೋಡುವುದನ್ನು ನಮ್ಮ ತಲೆಮಾರು ಕಂಡುಹಿಡಿಯಲಿಲ್ಲ. ಮೊಬೈಲು ಬಂದು ಎಲ್ಲ ಹಾಳಾಯಿತು ಎಂದು ಗೋಳಾಡುವ ವಾಟ್ಸಾಪ್ ಫಾರ್ವರ್ಡುಗಳ ಸಾಲಿಗೆ ಈ ಬರಹವೂ ಸೇರುವುದು ನನಗೆ ಬೇಡ.

ಆದರೂ ಅಜ್ಜಿಯ ನಿದ್ದೆಗೂ ನನ್ನ ಒಂದೂವರೆಗೂ ಒಂದು ವ್ಯತ್ಯಾಸ ಕಾಣುತ್ತದೆ. ಅಜ್ಜಿ ಮಲಗಿದಾಗ ಆಟ ತನ್ನ ಪಾಡಿಗೆ ನಡೆಯುತ್ತಿತ್ತು. ಅವರು ಕಳೆದುಕೊಂಡಿದ್ದು ತಮ್ಮ ಪಾಲನ್ನು, ಕಳೆದುಕೊಂಡೆ ಎಂಬುದೂ ಅವರಿಗೆ ಗೊತ್ತಿರುತ್ತಿತ್ತು. ಬೆಳಿಗ್ಗೆ ಪಕ್ಕದವರನ್ನು “ಆಮೇಲೆ ಎಂತಾಯ್ತು?” ಎಂದು ಕೇಳುತ್ತಿದ್ದರು. ನಾನು ಹಾಗೆ ಯಾರನ್ನೂ ಕೇಳಬೇಕಿಲ್ಲ, ಏಕೆಂದರೆ ಪೂರ್ತಿ ನೋಡಿದ್ದೇನೆ ಎಂದೇ ನಂಬಿರುತ್ತೇನೆ. ನೋಟ್‌ಬುಕ್ಕಿನಲ್ಲಿ ಎಲ್ಲ ದೃಶ್ಯಗಳೂ ಇವೆ. ಬಿಟ್ಟಿದ್ದೇನು ಎಂದು ತೋರಿಸಲು ಒಂದು ಖಾಲಿ ಜಾಗವೂ ಅಲ್ಲಿಲ್ಲ.

ನಮ್ಮ ಸಮಯವನ್ನು ಬೇರೆಯವರು ತಿಂದಾಗ ಮಾತ್ರ ನಾವು ಬಹಳ ಚುರುಕು. 2025ರ ಆರಂಭದಲ್ಲಿ ಬೆಂಗಳೂರಿನ ಗ್ರಾಹಕರ ಆಯೋಗವೊಂದು, ಸಿನಿಮಾಕ್ಕೆ ಮೊದಲು ಸುಮಾರು 25 ನಿಮಿಷ ಜಾಹೀರಾತು ತೋರಿಸಿದ್ದಕ್ಕೆ ಪ್ರೇಕ್ಷಕರೊಬ್ಬರಿಗೆ ಪರಿಹಾರ ಕೊಡಬೇಕೆಂದು ಚಿತ್ರಮಂದಿರಕ್ಕೆ ಆದೇಶಿಸಿತ್ತು. ಮುಂದೆ ಹೈಕೋರ್ಟು ಅದಕ್ಕೆ ತಡೆ ನೀಡಿತು, ಅದು ಬೇರೆ ಮಾತು. ಆ ಸುದ್ದಿ ಓದಿ ನಾವೆಲ್ಲ ಚಪ್ಪಾಳೆ ತಟ್ಟಿದೆವು. ನಾನೂ ತಟ್ಟಿದೆ. ಇನ್ನೊಬ್ಬರ ಸಮಯಕ್ಕೆ ನಾನು ಕೈಹಾಕುವ ವಿಷಯ ಮಾತ್ರ ಆಗ ನೆನಪಾಗಲಿಲ್ಲ.

ನೆನಪಾದದ್ದು ಊರಿಂದ ಹಾಸ್ಟೆಲಿಗೆ ಮರಳಿದ ಮೇಲೆ. ನನ್ನ ಪ್ರಬಂಧಕ್ಕಾಗಿ ಶಿವಮೊಗ್ಗದ ಸುತ್ತಲಿನ ಪುನರ್ವಸತಿ ಹಳ್ಳಿಗಳಲ್ಲಿ ಹಿರಿಯರನ್ನು ಮಾತಾಡಿಸಿ ಧ್ವನಿಮುದ್ರಿಸಿಕೊಂಡಿದ್ದೆ. ಗಂಟೆಗಟ್ಟಲೆ ಆಡಿಯೋ. ಅವನ್ನು ಬರಹಕ್ಕಿಳಿಸುವಾಗ ನಾನು ಕೇಳಿದ್ದು ಒಂದೂವರೆ ವೇಗದಲ್ಲಿ, ಕೆಲವನ್ನು ಎರಡರಲ್ಲಿ. ನಾನು ಬಳಸುತ್ತಿದ್ದ ಆ್ಯಪಿನಲ್ಲಿ ಮೌನವನ್ನು ತಾನೇ ಹಾರಿಸುವ ಸೌಲಭ್ಯವೂ ಇತ್ತು. ಎಷ್ಟು ಅನುಕೂಲ ಎಂದು ಖುಷಿಪಟ್ಟು ಅದನ್ನೂ ಒತ್ತಿದ್ದೆ.

ಒಬ್ಬ ಅಜ್ಜನನ್ನು ಕೇಳಿದ್ದೆ: “ನಿಮ್ಮ ಹಳೇ ಮನೆ ಈಗ ಎಲ್ಲಿದೆ ಅಂತ ತೋರಿಸಬಹುದಾ ಅಜ್ಜ?” ನನ್ನ ಟಿಪ್ಪಣಿಯಲ್ಲಿ ಅವರ ಉತ್ತರ ಎರಡು ಪದ: “ಅಲ್ಲೇ ಇದೆ.” ಅದರ ಕೆಳಗೆ ನಾನು ಬುದ್ಧಿವಂತಿಕೆಯಿಂದ ಒಂದು ವ್ಯಾಖ್ಯಾನವನ್ನೂ ಬರೆದಿದ್ದೆ. ಸ್ಥಳಾಂತರವನ್ನು ಒಪ್ಪದ ಪ್ರತಿರೋಧದ ದನಿ, ತಕ್ಷಣದ ದೃಢ ಉತ್ತರ ಎಂದೆಲ್ಲ.

ಮೂಲ ಧ್ವನಿಯನ್ನು ಮಾಮೂಲಿ ವೇಗದಲ್ಲಿ ಮತ್ತೆ ಕೇಳಿದೆ. ನನ್ನ ಪ್ರಶ್ನೆ ಮುಗಿದ ಮೇಲೆ ಏನೂ ಇಲ್ಲ. ದೂರದಲ್ಲಿ ಒಂದು ಕರು ಕೂಗುತ್ತದೆ. ಯಾರೋ ಕೊಡಪಾನ ಇಟ್ಟ ಸದ್ದು. ಅಜ್ಜ ಗಂಟಲು ಸರಿಮಾಡಿಕೊಳ್ಳುತ್ತಾರೆ, ಮಾತಾಡುವುದಿಲ್ಲ. ಹತ್ತೊಂಬತ್ತು ಸೆಕೆಂಡು. ಆಮೇಲೆ, ಬಹಳ ಮೆಲ್ಲಗೆ, “ಅಲ್ಲೇ ಇದೆ.” ಅದರಲ್ಲಿ ದೃಢತೆ ನನಗೆ ಕೇಳಿಸಲಿಲ್ಲ. ಪ್ರತಿರೋಧವೋ, ಸೋಲೋ, ಈ ಹುಡುಗಿಗೆ ಏನು ಹೇಳಿ ಏನು ಪ್ರಯೋಜನ ಎಂಬ ಬೇಸರವೋ, ಹೇಳಲಾರೆ. ‘ತಕ್ಷಣದ’ ಎಂಬ ನನ್ನ ಪದವಂತೂ ಸುಳ್ಳು. ಆ ಹತ್ತೊಂಬತ್ತು ಸೆಕೆಂಡು ಅಜ್ಜನ ಎದುರಿಗೇ ಕೂತಿದ್ದವಳು ನಾನು. ನೆನಪಿನಲ್ಲಿ ಅದು ಉಳಿದಿರಲಿಲ್ಲ, ಉಳಿದಿದ್ದು ಆ್ಯಪ್ ಉಳಿಸಿಕೊಟ್ಟ ಎರಡು ಪದ.

ಇಲ್ಲಿ ಗಾಯವಾಗುವ ಒಬ್ಬ ಮನುಷ್ಯ ಇದ್ದಾರೆ. ಗೆಳತಿಗೆ ಈ ಉದಾಹರಣೆ ಹೇಳಿದೆ. ಅವಳು ಒಪ್ಪಿದಳು, ಆದರೆ ಇದು ಸಿನಿಮಾ ಅಲ್ಲವಲ್ಲ, ಸಾಕ್ಷಿ ಹೇಳುವ ಮನುಷ್ಯ, ಎರಡನ್ನೂ ಬೆರೆಸಬೇಡ ಅಂದಳು. ಬೆರೆಸುವುದು ನನಗೂ ಇಷ್ಟವಿಲ್ಲ. ಬಿಡುವಿದ್ದಾಗ ನೋಡುವ ಹೊಡೆದಾಟದ ಸಿನಿಮಾಗಳನ್ನು ನಾನು ಇಂದಿಗೂ ಓಡಿಸಿಯೇ ನೋಡುತ್ತೇನೆ, ಅದಕ್ಕೆ ಯಾವ ಪಶ್ಚಾತ್ತಾಪವೂ ಇಲ್ಲ. ಹಲವು ಸಿನಿಮಾಗಳಿಗೆ ಅಷ್ಟು ವೇಗವೂ ಸಾಲದು. ಆದರೆ ಕಿವಿ ಒಂದೇ ಅಲ್ಲವೇ? ಸಂಜೆ ಸಿನಿಮಾದ ಮುಂದೆ ಅವಸರ ಕಲಿತ ಕಿವಿಯನ್ನು ಬೆಳಿಗ್ಗೆ ಅಜ್ಜನ ಮುಂದೆ ಕಳಚಿಟ್ಟು ಬೇರೆ ಕಿವಿ ಸಿಕ್ಕಿಸಿಕೊಳ್ಳಲು ನನಗಂತೂ ಬರುವುದಿಲ್ಲ. ಅಮ್ಮ ಕಳಿಸಿದ ವಾಯ್ಸ್ ಮೆಸೇಜನ್ನೂ ಎರಡು ಪಟ್ಟಿನಲ್ಲಿ ಕೇಳುವವಳು ನಾನು. ಅಮ್ಮ ಮಾತಿನ ನಡುವೆ ನಿಲ್ಲಿಸಿ ಉಸಿರು ತಗೊಳ್ಳುತ್ತಾರೋ ಇಲ್ಲವೋ ನನಗೆ ಗೊತ್ತಿಲ್ಲ.

ಮಾರ್ಗದರ್ಶಕರಿಗೆ ಹೇಳಿದೆ, ಎಲ್ಲ ಧ್ವನಿಮುದ್ರಣಗಳನ್ನೂ ಇನ್ನೊಮ್ಮೆ ಕೇಳಬೇಕು ಎಂದು. ಅವರು ಕ್ಯಾಲೆಂಡರ್ ನೋಡಿದರು. ಫೆಲೋಶಿಪ್ಪಿನ ಅವಧಿ ನೆನಪಿಸಿದರು. ಅವರದೂ ತಪ್ಪಲ್ಲ. ನಿಧಾನಕ್ಕೂ ದುಡ್ಡು ಬೇಕು, ಅದು ಎಲ್ಲರಿಗೂ ಒಂದೇ ಬೆಲೆಗೆ ಸಿಗುವುದಿಲ್ಲ. ದಿನಗೂಲಿ ಮುಗಿಸಿ ಬಂದು ರಾತ್ರಿ ಹತ್ತಕ್ಕೆ ಫೋನು ಹಿಡಿಯುವವರಿಗೆ ಪೂರ್ತಿ ಸಮಯ ಕೊಟ್ಟು ಸಿನಿಮಾ ನೋಡಿ ಎಂದು ಉಪದೇಶಿಸಲು ನಾನ್ಯಾರು? ನನ್ನ ಲೆಕ್ಕ ನನ್ನ ಅಧ್ಯಾಯದ್ದು ಮಾತ್ರ. ಆ ವ್ಯಾಖ್ಯಾನವನ್ನು ಹೊಡೆದುಹಾಕಿದ್ದೇನೆ. ಅಜ್ಜನ ಉತ್ತರಕ್ಕೆ ಮೊದಲು ಆವರಣದಲ್ಲಿ ‘19 ಸೆಕೆಂಡು ಮೌನ’ ಎಂದು ಬರೆದಿದ್ದೇನೆ. ಬರೆದ ಮೇಲೆ ಅದನ್ನು ಓದಲು ಒಂದು ಸೆಕೆಂಡೂ ಬೇಡ ಎಂಬುದು ಬೇರೆಯದೇ ತೊಡಕು. ಅದಕ್ಕೆ ಪರಿಹಾರ ಸಿಕ್ಕಿಲ್ಲ.

ದೀಪಾವಳಿಗೆ ಊರಿಗೆ ಹೋದಾಗ ‘ದ್ವೀಪ’ವನ್ನು ಮತ್ತೆ ಹಾಕಿದೆ, ಈ ಸಲ ಮಾಮೂಲಿ ವೇಗದಲ್ಲಿ. ಅಜ್ಜಿಯನ್ನೂ ಕರೆದೆ. ಬಂದು ಕಂಬಳಿ ಹೊದ್ದು ಕೂತರು. ಸೌಂದರ್ಯಳನ್ನು ನೋಡಿ “ಪಾಪ, ಇದೇ ಹುಡುಗಿ ಅಲ್ವಾ ವಿಮಾನದಲ್ಲಿ ಹೋಗಿದ್ದು” ಎಂದು ನಿಟ್ಟುಸಿರು ಬಿಟ್ಟರು. ಮಳೆ ಹಿಡಿಯಿತು. ನೀರು ಏರತೊಡಗುವ ಮೊದಲೇ ಅಜ್ಜಿಗೆ ನಿದ್ದೆ ಬಂದಿತ್ತು. ನಾನು ನಿಲ್ಲಿಸಲಿಲ್ಲ.