ಆಟದ ಒಡೆತನ

ಆಟವಾಡುವುದು ಬೇರೆ, ಆಟದ ಸಾಮಗ್ರಿಯನ್ನು ಕೊಂಡು ಇಟ್ಟುಕೊಳ್ಳುವುದು ಬೇರೆ. ಇವೆರಡರಲ್ಲಿ ದೋಷವೆಲ್ಲಿದೆಯೆಂಬ ಪ್ರಶ್ನೆಯು ಈಚೆಗೆ ನಮ್ಮ ಜಿಲ್ಲೆಯ ಮನೆಗಳಲ್ಲಿಯೂ ಎದ್ದಿರುವುದರಿಂದ ವಾಚಕರೊಡನೆ ಅದನ್ನು ವಿಚಾರಿಸಬಯಸುತ್ತೇನೆ.

ಹೊಳಲ್ಕೆರೆಯವನಾದ ನನ್ನ ಶಿಷ್ಯನೊಬ್ಬನು ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದಾನೆ. ರಕ್ಕಸರು, ಮಾಂತ್ರಿಕರು, ಖಡ್ಗಧಾರಿಗಳು ಮುಂತಾದ ಹೆಬ್ಬೆರಳ ಗಾತ್ರದ ಬೊಂಬೆಗಳನ್ನು ಮಣೆಯ ಮೇಲೆ ನಡೆಸಿ ಯುದ್ಧತಂತ್ರವನ್ನು ಹೂಡುವ ಪರದೇಶದ ಆಟಗಳಲ್ಲಿ ಅವನಿಗೆ ಅತ್ಯಾಸಕ್ತಿ. 2017ರಲ್ಲಿ ಹೊರಬಂದ ಗ್ಲೂಮ್‌ಹೇವನ್ ಎಂಬುದೊಂದರಲ್ಲಿಯೇ 95 ಪ್ರಸಂಗಗಳಿವೆ. ಅವನ ಕಪಾಟಿನಲ್ಲಿ ಇಂತಹ ಪೆಟ್ಟಿಗೆಗಳು ಇಪ್ಪತ್ತಕ್ಕೂ ಹೆಚ್ಚು. ಅರ್ಧದಷ್ಟರ ಮೇಲುಹೊದಿಕೆಯನ್ನೇ ಬಿಚ್ಚಿಲ್ಲ. "ಮೀಸೆ ಬಂದವನಿಗೆ ಬೊಂಬೆಗಳೊಡನೆ ಆಟವೆ?" ಎಂಬುದು ಅವನ ತಂದೆಯವರ ಆಕ್ಷೇಪ.

ಈ ಆಕ್ಷೇಪವನ್ನು ನಾನು ಒಪ್ಪಲಾರೆ. ಚತುರಂಗವೆಂದರೆ ಆನೆ, ಕುದುರೆ, ರಥ, ಪದಾತಿಗಳ ಸೇನೆಯೇ ಅಲ್ಲವೆ? ಮನುವು ರಾಜ್ಯದಿಂದ ಹೊರಗಟ್ಟಬೇಕೆಂದದ್ದು ಪಣವಿಟ್ಟಾಡುವ ದ್ಯೂತವನ್ನು. ಧರ್ಮರಾಯನನ್ನು ಕಾಡಿಗೆ ಕಳುಹಿಸಿದ್ದೂ ಪಣವೇ.

ನಮ್ಮ ನಾಡಿನದೇ ದೊಡ್ಡ ನಿದರ್ಶನವೊಂದುಂಟು. 1831ರಲ್ಲಿ ಇಂಗ್ಲಿಷರು ಮೈಸೂರಿನ ಆಡಳಿತವನ್ನು ಮುಮ್ಮಡಿ ಕೃಷ್ಣರಾಜ ಒಡೆಯರಿಂದ ತೆಗೆದುಕೊಂಡರು. 1868ರಲ್ಲಿ ಅವರು ಕಾಲವಾಗುವವರೆಗೂ ಅದು ಹಿಂದಿರುಗಲಿಲ್ಲ. ಆ ಪ್ರಭುಗಳು ಚದುರಂಗದ 64 ಮನೆಗಳಲ್ಲಿ ಕುದುರೆಯು ಒಂದನ್ನೂ ಎರಡು ಸಲ ತುಳಿಯದೆ ಸುತ್ತಿಬರುವ ಬಗೆಯನ್ನು ರಚಿಸಿದರು; 360 ಎಲೆಗಳವರೆಗಿನ ಗಂಜೀಫದ ಆಟಗಳನ್ನು ಕಲ್ಪಿಸಿದರು. ದೇವತೆಗಳನ್ನು ಚಿತ್ರಿಸಿದ ಆ ಎಲೆಗಳು ಇಂದಿನ ಮಾಂತ್ರಿಕರ ಬೊಂಬೆಗಳಿಗೆ ವೈಭವದಲ್ಲಿ ಏನೂ ಕಡಮೆಯಲ್ಲ. ನಾಡು ತಪ್ಪಿದ ದೊರೆ ಮಣೆಯನ್ನಾಳಿದನೆಂದು ನಗುವವರು ನಗಲಿ. ಅವರು ತಮ್ಮ ಆಟಗಳನ್ನು ಬಚ್ಚಿಡಲಿಲ್ಲ. ಶ್ರೀತತ್ತ್ವನಿಧಿಯ ಕೌತುಕನಿಧಿಯಲ್ಲಿ ಬರೆಯಿಸಿಟ್ಟರು. ಎಲೆಗಳು ಅರಮನೆಯವಾದರೂ ಕ್ರಮವು ಓದಬಲ್ಲವರೆಲ್ಲರದಾಯಿತು.

ಹಾಗಾದರೆ ಬಿಚ್ಚದ ಪೆಟ್ಟಿಗೆಗಳ ಮಾತೇನು? ಹಂಪೆಯ ಗುಡಿಗಳ ಹಾಸುಗಲ್ಲುಗಳಲ್ಲಿ ಆಟದ ಮನೆಗಳನ್ನು ಕೊರೆದವರು ಹರಳುಗಳಿಂದಲೇ ಆಡಿದರೆಂದು ಹೇಳಿ ಶಿಷ್ಯನನ್ನು ನಾಚಿಸಬಹುದು. ಆದರೆ ಬಡತನವನ್ನೇ ಗುಣವೆಂದು ಹೊಗಳುವುದು ನನಗೆ ಸೇರದು. ಅವನು ಆಡಿರುವ ಪೆಟ್ಟಿಗೆಗಳ ಬೊಂಬೆಗಳಿಗೆಲ್ಲ ಸಣ್ಣ ಕುಂಚದಿಂದ ತಾನೇ ಬಣ್ಣ ಹಚ್ಚಿದ್ದಾನೆ. ಒಂದು ರಕ್ಕಸನ ಕಣ್ಣಿಗೆ ಒಂದು ಸಂಜೆ ಹಿಡಿಯಿತಂತೆ. ದಸರೆಯ ಬೊಂಬೆಗಳನ್ನು ಜೋಡಿಸುವ ನಮ್ಮ ಹೆಂಗಸರು ಅವನನ್ನು ಚೆನ್ನಾಗಿ ಬಲ್ಲರು. ಅಪರಿಗ್ರಹವನ್ನು ಉಪದೇಶಿಸಲೆಂದೇ ಉಳಿದವುಗಳನ್ನು ಕುರಿತು ಕೇಳಿದೆ. "ಮೇಷ್ಟ್ರೇ, ಒಬ್ಬ ಪರದೇಶಕ್ಕೆ ಹೋದ, ಇಬ್ಬರಿಗೆ ರಾತ್ರಿ ಪಾಳಿ. ಎಂದಾದರೂ ಕೂಡಿಯಾರೆಂದು ಕೊಳ್ಳುತ್ತೇನೆ" ಎಂದನು. ಲೋಭವೆಂಬ ಶಬ್ದವು ನನ್ನ ನಾಲಗೆಯ ಮೇಲೆಯೇ ನಿಂತಿತು. ಲೋಭಿಯು ಪರರು ಮುಟ್ಟಬಾರದೆಂದು ಕೂಡಿಡುತ್ತಾನೆ. ಇವನು ಪರರು ಬರಲೆಂದು ಕೂಡಿಟ್ಟಿದ್ದಾನೆ. ಆದರೂ ಕಾಯುವವನು ಇನ್ನೊಂದನ್ನು ಕೊಂಡು ಕಾಯಬೇಕಾದ ಅಗತ್ಯವೇನು? ಹಣದ ನಷ್ಟವು ಅವನದು. ಹಳೆಯ ಗೆಳೆಯರ ದಾರಿಯನ್ನೇ ನೋಡುತ್ತ ನೆರೆಯವರನ್ನು ಕರೆಯದೆ ಕುಳಿತದ್ದು ಅದಕ್ಕಿಂತ ದೊಡ್ಡ ನಷ್ಟವೆಂದು ನನಗೆ ತೋರುತ್ತದೆ.

ಒಂದು ಪೆಟ್ಟಿಗೆಯನ್ನು ರಜೆಯಲ್ಲಿ ಊರಿಗೆ ತಾರೆಂದಿದ್ದೇನೆ. ನಿಯಮಗಳೆಲ್ಲ ಇಂಗ್ಲಿಷಿನಲ್ಲಿರುವುದರಿಂದ ಬೀದಿಯ ಹುಡುಗರಿಗಾಗಿ ಅವನು ಕನ್ನಡದಲ್ಲಿ ಬರೆಯತಕ್ಕದ್ದು, ನಾನು ತಿದ್ದತಕ್ಕದ್ದು. ಎಂಟು ಹಾಳೆಗಳು ಈಗಾಗಲೇ ಬಂದಿವೆ. ಅಲ್ಪಪ್ರಾಣ ಮಹಾಪ್ರಾಣಗಳ ವಿಷಯದಲ್ಲಿ ಅವನು ಶಾಲೆಯಲ್ಲಿದ್ದಂತೆಯೇ ಇದ್ದಾನೆ.