ಫ್ಯೂಜಿನ ದಿಕ್ಕು

ಧಾರವಾಡದ ನನ್ನ ಹಿರಿಯ ಗೆಳೆಯರೊಬ್ಬರು ನಲವತ್ತು ವರ್ಷ ಹಾಡುಗಾರಿಕೆ ಕಲಿಸಿದವರು. ಹೋದ ಮಳೆಗಾಲದ ಒಂದು ಸಂಜೆ ಹೇಳಿಕಳಿಸಿದರು. ಹೋದರೆ, ಆಂಪ್ಲಿಫೈಯರಿನ ಬೆನ್ನಿನಿಂದ ಒಂದು ಪುಟ್ಟ ಫ್ಯೂಜು ಕಿತ್ತು ಅಂಗೈಯಲ್ಲಿಟ್ಟುಕೊಂಡು ಕೂತಿದ್ದರು. ಮಗ ವಿದೇಶದಿಂದ ಕಳಿಸಿದ್ದು. ಅದರ ಮೈಮೇಲೆ ಬಾಣದ ಗುರುತು ಬೇರೆ.

"ಇದನ್ನ ತಿರುಗಿಸಿ ಹಾಕಿದ್ರ ದನಿ ಅರಳತದರೀ ಮಾಸ್ತರ. ತಂಬೂರಿ ಹಿಂದ ಸರೀತದ, ಮನಸೂರರು ಮುಂದ ಬರ್ತಾರ."

ನಾನು ಭೌತಶಾಸ್ತ್ರದ ಪಾಠ ಹೇಳಿ ನಿವೃತ್ತನಾದವನು, ಸುಮ್ಮನಿರಲಾಗಲಿಲ್ಲ. ಮನೆಗೆ ಬರುವ ಕರೆಂಟು ಒಂದೇ ಕಡೆ ಹರಿಯುವ ಹಳ್ಳವಲ್ಲ, ಸೆಕೆಂಡಿಗೆ 50 ಆವರ್ತ, ಅಂದರೆ 100 ಸಲ ದಿಕ್ಕು ಬದಲಿಸುತ್ತದೆ. ಎರಡು ಲೋಹದ ಟೋಪಿಗಳ ನಡುವಿನ ತೆಳು ತಂತಿಗೆ, ಕರೆಂಟು ಮಿತಿ ಮೀರಿದಾಗ ಕರಗುವುದೊಂದೇ ಕೆಲಸ. ಹಾಡು ಆ ದಾರಿಯಲ್ಲಿ ಹೋಗುವುದೂ ಇಲ್ಲ. ಕಿತ್ತು ಹಾಕುವಾಗ ಹಿಡಿಕೆಯ ಕಿಲುಬು ಉಜ್ಜಿಹೋಗಿ ಸಂಪರ್ಕ ಸುಧಾರಿಸೀತು, ಆದರೆ ಅದು ದಿಕ್ಕಿನ ಮಹಿಮೆಯಲ್ಲ. ಎಲ್ಲ ಕೇಳಿ ಅವರೆಂದರು: "ಲೆಕ್ಕ ನಿಮ್ದು ಖರೇ ಇರಬಹುದು. ಕಿವಿ ನಂದು."

ಹಾಗಾದರೆ ನಾನೇ ತಿರುಗಿಸುತ್ತೇನೆ, ನೀವು ಅತ್ತ ಮುಖ ಮಾಡಿ ಕೂಡ್ರಿ ಎಂದೆ. ಪ್ಲಗ್ ಕಿತ್ತೆ, ಫ್ಯೂಜು ತೆಗೆದೆ, ಮೊದಲಿದ್ದ ಹಾಗೆಯೇ ಮತ್ತೆ ಹಾಕಿದೆ. ಹಾಡು ಶುರುವಾಯಿತು. ಅವರ ಬಲಗೈ ಮೆಲ್ಲಗೆ ಮೇಲೆದ್ದಿತು. "ಬಂತು ನೋಡ್ರಿ!" ನಾಚಿಕೆ ಬಿಟ್ಟು ಹೇಳುತ್ತೇನೆ, ಆ ಗಳಿಗೆಯಲ್ಲಿ ನನಗೂ ತಂಬೂರಿ ಹಿಂದೆ ಸರಿದಂತೆ ಕೇಳಿಸಿತು. ತಿರುಗಿಸಿಲ್ಲವೆಂದು ಗೊತ್ತಿದ್ದವನು ನಾನೊಬ್ಬನೇ!

"ಹೌದ್ರಿ" ಎಂದುಬಿಟ್ಟೆ. ಚಹಾ ಬಂತು.

ತರಗತಿಯಲ್ಲಿ ನಾನು ಫ್ರಾನ್ಸಿನ ಬ್ಲೋಂಡ್ಲೋ ಕಥೆಯನ್ನು ನಗೆಗಾಗಿ ಹೇಳುತ್ತಿದ್ದೆ. 1903ರಲ್ಲಿ ನಾನ್ಸಿ ಊರಿನ ಆ ಪ್ರಾಧ್ಯಾಪಕ 'ಎನ್ ಕಿರಣ' ಕಂಡೆನೆಂದ. ಇನ್ನೂ ಹಲವರು ಕಂಡರು. ಮರುವರ್ಷ ಅಮೆರಿಕದ ರಾಬರ್ಟ್ ವುಡ್ ಅಲ್ಲಿಗೆ ಹೋಗಿ, ಪ್ರಯೋಗದ ಕತ್ತಲಲ್ಲಿ ಅಲ್ಯೂಮಿನಿಯಂ ಪಟ್ಟಕವನ್ನೇ ಎತ್ತಿಬಿಟ್ಟ. ಕಿರಣ ಮಾತ್ರ ಕಾಣುತ್ತಲೇ ಇತ್ತು. ಹುಡುಗರು ಬಿದ್ದು ಬಿದ್ದು ನಗುತ್ತಿದ್ದರು. ಆದರೆ ಬ್ಲೋಂಡ್ಲೋ ಮೋಸಗಾರನಲ್ಲ, ಒಳ್ಳೆಯ ವಿಜ್ಞಾನಿ. ಅವನು ಲೋಕಕ್ಕೆ ಸಾರಿದ್ದರಿಂದ ಲೋಕ ಪರೀಕ್ಷಿಸಿತು. ನನ್ನ ಗೆಳೆಯರು ಸಾರಿದ್ದು ತಮ್ಮ ಪಡಸಾಲೆಯಲ್ಲಿ, ನನ್ನೊಬ್ಬನಿಗೆ.

ಪರೀಕ್ಷೆಗೆ ಕಣ್ಣುಕಟ್ಟು ಬೇಕು, ನಿಜ. ಆದರೆ 'ಹತ್ತು ಸಲ ಹಾಕುತ್ತೇನೆ, ಕೆಲವು ಸಲ ತಿರುಗಿಸುತ್ತೇನೆ, ಕೆಲವು ಸಲ ಇಲ್ಲ, ಯಾವಾಗ ಯಾವುದೆಂದು ನೀವೇ ಹೇಳಿ' ಎಂದು ಮೊದಲೇ ಕೇಳಬಹುದಿತ್ತಲ್ಲ? ಅವರು ಒಪ್ಪುತ್ತಿದ್ದರೋ ಏನೋ. ನನಗೆ ಬೇಕಾಗಿದ್ದದ್ದು ಗೆಲುವು. ಗೆದ್ದ ಮೇಲೆ ಹೇಳುವ ಧೈರ್ಯ ಬರಲಿಲ್ಲ. ಎಷ್ಟು ಮಕ್ಕಳಿಗೆ 'ನಿನ್ನ ಗಂಧಾರ ಇಳೀತು' ಎಂದು ತಿದ್ದಿದ ಕಿವಿ ಅದು! ಇಳಿದ ಗಂಧಾರ ಗಾಳಿಯಲ್ಲಿರುತ್ತದೆ, ಯಂತ್ರವೂ ಅದನ್ನು ತೋರಿಸೀತು. ಫ್ಯೂಜಿನ ಮಾತು ಬೇರೆ. ಆದರೆ ನೊಂದ ಮನಸ್ಸು ಈ ಅಂತರವನ್ನು ಎಣಿಸೀತೆ? ಅವರ ಸಂತೋಷದಿಂದ ಯಾರಿಗೇನು ನಷ್ಟವೆಂದು ಸಮಾಧಾನ ಮಾಡಿಕೊಂಡೆ.

ಮೊನ್ನೆ ಅವರ ಶಿಷ್ಯೆಯೊಬ್ಬಳು ಬಂದಿದ್ದಳು. ಮನೆಪಾಠದಿಂದ ಹೊಟ್ಟೆ ಹೊರೆಯುವವಳು. ಅಂಥದೇ ಫ್ಯೂಜು ತಾನೂ ತರಿಸಬೇಕೆಂದು ಬೆಲೆ ಕೇಳಿದಳು. ಸಾವಿರಗಳ ಲೆಕ್ಕ. ಅವಳ ಮುಖ ಸಣ್ಣದಾಯಿತು. ಗೆಳೆಯರು ನನ್ನತ್ತ ಕೈ ತೋರಿಸಿದರು. "ಸಂಶಯ ಇದ್ರ ಮಾಸ್ತರನ್ನ ಕೇಳವಾ. ಅವರೇ ಕೈಯಾರೆ ತಿರುಗಿಸಿ ಹಾಕ್ಯಾರ, ಅವರಿಗೂ ಕೇಳಿಸೇದ."

"ನಾ ತಿರುಗಿಸಿರಲಿಲ್ಲ" ಎಂದೆ.

ಹುಡುಗಿಗೆ ಅರ್ಥವಾಗಲಿಲ್ಲ. ಅವರಿಗಾಯಿತು. ಬಹಳ ಹೊತ್ತು ಸುಮ್ಮನಿದ್ದು, "ಆವತ್ತೇ ಹೇಳಬೇಕಾಗಿತ್ತರೀ" ಎಂದರು. ಫ್ಯೂಜಿನ ಬಗ್ಗೆ ಏನೂ ಅನ್ನಲಿಲ್ಲ.