ಆಸರೆಯ ಗೂಟ

ನಮ್ಮ ಚಿಕ್ಕೋಡಿ, ರಾಯಬಾಗ, ಕಾಗವಾಡದ ಕಡೆ ಮುಂಗಾರಿಗೆ ಮೊದಲು ಸುರಿಯುವ ಮಳೆಗಿಂತ ಅದರ ಮುಂದೆ ಓಡಿಬರುವ ಗಾಳಿಗೇ ಜನ ಹೆಚ್ಚು ಹೆದರುವುದು. ಎರೆಮಣ್ಣು ನೆನೆದು ಮೆತ್ತಗಾದರೆ ಬೇರಿನ ಹಿಡಿತ ಸಡಿಲುತ್ತದೆ. ಹಿತ್ತಲಿನ ಪೇರಲವೋ ನಿಂಬೆಯೋ ವಾಲಿಕೊಳ್ಳುತ್ತದೆ. ಬಿದ್ದದ್ದನ್ನು ಎತ್ತಿ ನಿಲ್ಲಿಸುವುದು ಪುಣ್ಯದ ಕೆಲಸವೆಂದು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಆದರೆ ಎತ್ತಿದ ಕೈಯನ್ನು ಯಾವಾಗ ಬಿಡಬೇಕು?

ಗಿಡದ ಮಟ್ಟಿಗೆ ಉತ್ತರ ಸ್ಪಷ್ಟ. ಗಿಡ ಎಳೆಯದಾಗಿದ್ದು, ಹೆಚ್ಚಿನ ಬೇರು ಮಣ್ಣಿನಲ್ಲೇ ಉಳಿದಿದ್ದರೆ, ನೆಲ ಹಸಿ ಇರುವಾಗಲೇ ನಿಧಾನವಾಗಿ ನೆಟ್ಟಗೆ ಮಾಡಬೇಕು. ಒಮ್ಮೆಲೇ ಜಗ್ಗಿದರೆ ಉಳಿದ ಬೇರೂ ಹರಿದಾವು. ಮೇಲೆದ್ದ ಬೇರಿಗೆ ಮಣ್ಣು ಮುಚ್ಚಿ, ತುಳಿದು, ನೀರು ಹಾಕಬೇಕು. ಬೇರಿಗೆ ತಾಗದಂತೆ ಎರಡು ಗೂಟ ಹುಗಿದು, ಹಳೆಯ ಸೀರೆಯ ಅಗಲವಾದ ಪಟ್ಟಿಯಿಂದ ಕಟ್ಟಬೇಕು. ತಂತಿಯಾದರೆ ತೊಗಟೆ ಕೊಯ್ಯುತ್ತದೆ. ಕಟ್ಟು ಸಡಿಲಿರಬೇಕು, ಗಿಡ ತುಸು ಓಲಾಡಬೇಕು. ಗಾಳಿಗೆ ಓಲಾಡಿದಾಗಲೇ ಕಾಂಡ ದಪ್ಪವಾಗುವುದು, ಬೇರು ಬಲಿಯುವುದು. ಬಿಗಿದು ಕಟ್ಟಿದ ಗಿಡ ಎತ್ತರಕ್ಕೇನೋ ಬೆಳೆದೀತು. ಕಟ್ಟು ಬಿಚ್ಚಿದ ದಿನ ಮತ್ತೆ ವಾಲೀತು. ಸುಮಾರು ಒಂದು ವರ್ಷ ಕಳೆದ ಮೇಲೆ ಗೂಟ ಕೀಳಬೇಕು.

ಬಳ್ಳಿಯ ಮಾತು ಬೇರೆ. ಅಥಣಿ ಕಡೆಯ ದ್ರಾಕ್ಷಿ ತೋಟಗಳಲ್ಲಿ ಕಂಬ, ತಂತಿಯ ಚಪ್ಪರ ಬಳ್ಳಿ ಇರುವತನಕ ಇರಲೇಬೇಕು. ತೊಂದರೆಯೆಂದರೆ, ಹೆಣ್ಣನ್ನು ಬಳ್ಳಿಗೆ ಹೋಲಿಸಿ ಹೋಲಿಸಿ ಆಕೆ ಗಿಡವೂ ಆಗಿರಬಹುದೆಂಬುದನ್ನೇ ನಾವು ಮರೆತಿದ್ದೇವೆ.

ನಿಪ್ಪಾಣಿಗೆ ಕೊಟ್ಟ ನನ್ನ ತಂಗಿಯ ಗಂಡ ತೀರಿಕೊಂಡಾಗ ಅಣ್ಣಂದಿರಿಬ್ಬರೂ ಓಡಿಬಂದರು. ಹೊಲ, ಬ್ಯಾಂಕು, ಮಕ್ಕಳ ಶಾಲೆ ಎಲ್ಲವನ್ನೂ ನೋಡಿಕೊಂಡರು. ಆಗ ಅವರು ಬಾರದಿದ್ದರೆ ಆಕೆ ಏಳುತ್ತಿರಲಿಲ್ಲ. ನಾಲ್ಕನೆಯ ವರ್ಷ ಆಕೆ ಪಾಸ್‌ಬುಕ್ಕು ಕೇಳಿದಳು. ದೊಡ್ಡಣ್ಣನ ಮುಖ ಬಾಡಿತು.

"ನಮ್ಮ ಮ್ಯಾಲ ನಂಬಿಗಿ ಇಲ್ಲೇನವಾ?"

"ನಿಮ್ಮ ಮ್ಯಾಲ ಐತಿ ಅಣ್ಣಾ. ನನ್ನ ಮ್ಯಾಲ ನನಗ ಬರಬೇಕಲ್ಲ."

ಆ ವರ್ಷ ತಂಬಾಕು ಮಾರುವಾಗ ಆಕೆಗೆ ನಷ್ಟವೇ ಆಯಿತು. "ನೋಡಿದೆಯಾ" ಎಂದವರು ಬಹಳ ಮಂದಿ. ಆದರೆ ಮರುವರ್ಷ ನಾಲ್ಕು ಕಡೆ ದರ ಕೇಳಿ ಮಾರಿದವಳೂ ಆಕೆಯೇ. ಆ ನಷ್ಟ ಒಳ್ಳೆಯದೇ ಆಯಿತೆಂದು ನಾನು ಹೇಳಲಾರೆ. ಮಕ್ಕಳ ಫೀಗೆ ಕಷ್ಟಪಟ್ಟದ್ದನ್ನು ಕಂಡಿದ್ದೇನೆ. ಆದರೂ ಅದು ಆಕೆಯ ಪಾಲಿನ ಗಾಳಿ. ಅದನ್ನು ತಡೆಯುತ್ತಲೇ ಇದ್ದರೆ ಆಕೆ ನಿಲ್ಲುವುದನ್ನು ಕಲಿಯುವುದೆಂದು?

ಅಣ್ಣಂದಿರದು ಕೆಟ್ಟ ಮನಸ್ಸಲ್ಲ. ಆಸರೆ ಕೊಡುವುದರಲ್ಲಿ ಒಂದು ಸುಖವಿದೆ, "ನಾನಿಲ್ಲದಿದ್ದರೆ ಆಗದು" ಎಂಬ ಸುಖ. ಮಕ್ಕಳ ವಿಷಯದಲ್ಲಿ ತಾಯಂದಿರಾದ ನಮಗೂ ಅದು ತಪ್ಪಿದ್ದಲ್ಲ. ಗಿಡ ನಿಲ್ಲಿಸುವುದೂ ಗೂಟವೇ, ದನ ಕಟ್ಟುವುದೂ ಗೂಟವೇ. ಒಂದು ಯಾವಾಗ ಇನ್ನೊಂದಾಯಿತೆಂಬುದು ಹುಗಿದವರಿಗೇ ತಿಳಿಯುವುದಿಲ್ಲ.

ಹಾಗೆಂದು ಅವಸರದಿಂದ ಕಿತ್ತೊಗೆಯುವುದೂ ನ್ಯಾಯವಲ್ಲ. ಮೊದಲು ಕಟ್ಟು ಬಿಚ್ಚಿ, ಕಾಂಡವನ್ನು ಮೆಲ್ಲಗೆ ಅಲುಗಿಸಿ ಬುಡ ನೋಡಬೇಕು. ಮಣ್ಣು ಎದ್ದರೆ ಮತ್ತೆ ಕಟ್ಟಿ ಇನ್ನಷ್ಟು ದಿನ ಕಾಯಬೇಕು. ಮಣ್ಣು ಅಲುಗದಿದ್ದರೆ ಗೂಟ ಕಿತ್ತು ಪಕ್ಕಕ್ಕಿಟ್ಟರಾಯಿತು. ಬಿಟ್ಟುಕೊಡುವುದೆಂದರೆ ಬಿಟ್ಟುಹೋಗುವುದಲ್ಲ. ನನ್ನ ದೊಡ್ಡಣ್ಣ ಈಗಲೂ ತಿಂಗಳಿಗೊಮ್ಮೆ ನಿಪ್ಪಾಣಿಗೆ ಹೋಗುತ್ತಾನೆ. ಲೆಕ್ಕ ಕೇಳುವುದಿಲ್ಲ, ಚಹಾ ಕುಡಿದು ಬರುತ್ತಾನೆ.